ಗಾಜಿನ ಆನೆಯ ಉಪಸಂಹಾರ

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ: ಈ ಮೂರೂ ಇಲ್ಲದ ಪ್ರಬಂಧಕ್ಕೆ ನಾನು ಇಂದಿನವರೆಗೆ ಅಂಕ ಕೊಟ್ಟವನಲ್ಲ. ಮನುಷ್ಯನ ಮಾತಿಗೂ ನಡತೆಗೂ, ಕಡೆಗೆ ನೆಂಟರು ಮನೆಗೆ ಬಂದು ಹೋಗುವುದಕ್ಕೂ ಇದೇ ನಿಯಮ ಅನ್ವಯಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಾಗರಿಕತೆ ಎಂದರೆ ಬೇರೇನು? ಶುರು ಮಾಡಿದ್ದನ್ನು ಮುಗಿಸುವುದು. ಶಾಲೆಯಲ್ಲಿ ಭಾಷೆಯನ್ನೂ ನೀತಿಪಾಠವನ್ನೂ ಹೇಳುವ ನಾನು ಈ ಮಾತನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆಂದರೆ, ಅಳಿಸಿದ ಮೇಲೂ ಅದು ಅಲ್ಲಿ ಮಸುಕಾಗಿ ಕಾಣುತ್ತದೆ. ಅಂಥವನ ಮನೆಯ ಕೆಳಗಿನ ಕಾರುಶೆಡ್ಡಿಗೆ, ಶುರುವಾಗುವುದನ್ನು ಮಾತ್ರ ಬಲ್ಲ ಒಂದು ಹಾಡು ಬಂದು ಬಿಡಾರ ಹೂಡಿತು.

ಹಾಡನ್ನು ತಂದವನು ನನ್ನ ಹೆಂಡತಿಯ ತಮ್ಮ. ನಮಗೆ ಕಾರಿಲ್ಲ, ಶೆಡ್ಡು ಬಾಡಿಗೆಯ ಜೊತೆ ಬಂದದ್ದು. ಭಾವಮೈದುನ ಒಂದು ಬೆಳಿಗ್ಗೆ ಬೀರುವಿನಷ್ಟು ತೂಕದ ಆರ್ಗನ್ನನ್ನು ಅಲ್ಲಿ ಇಳಿಸಿ, ಅದರ ಮೇಲೊಂದು ಕೀಬೋರ್ಡು, ಪಕ್ಕದಲ್ಲೊಂದು ಕೀಬೋರ್ಡು ಇಟ್ಟುಕೊಂಡ. "ಎರಡು ಕೈಗೆ ಮೂರು ಯಾಕಯ್ಯಾ?" ಎಂದು ಕೇಳಿದೆ. "ಭಾವ, ಒಂದು ಆಕಾಶ, ಒಂದು ಭೂಮಿ, ಇನ್ನೊಂದು ಅನುಮಾನ" ಎಂದ. ಇಂಥ ಉತ್ತರವನ್ನು ವಿದ್ಯಾರ್ಥಿ ಕೊಟ್ಟಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಹೆಂಡತಿಯ ತಮ್ಮನನ್ನು ನಿಲ್ಲಿಸುವ ಬೆಂಚು ಇನ್ನೂ ತಯಾರಾಗಿಲ್ಲ.

ಅವನ ತಂಡದ ಹೆಸರು 'ಗಾಜಿನ ಆನೆ'. ಅಲ್ಲಿ ಗಾಜೂ ಇರಲಿಲ್ಲ, ಆನೆಯೂ ಇರಲಿಲ್ಲ. ಮೂರು ಜನ ಇದ್ದರು. ಭಾವಮೈದುನನನ್ನು ಬಿಟ್ಟರೆ ಡ್ರಮ್ ಬಾರಿಸುವವರು ಹಲ್ಲಿನ ಡಾಕ್ಟರು. ಗಿಟಾರು ಹಿಡಿದವನನ್ನು ಎಲ್ಲರೂ ಮೌನಿ ಎಂದು ಕರೆಯುತ್ತಿದ್ದರು. ಅವನು ಬೇರೆ ಬೇರೆ ಬಗೆಯಲ್ಲಿ ತಲೆಯಾಡಿಸಿಯೇ ಜೀವನ ಸಾಗಿಸುತ್ತಿದ್ದ. ಕಾಲೇಜಿನ ದಿನಗಳಲ್ಲಿ ಈ ತಂಡ ಚಿಕ್ಕ ಚಿಕ್ಕ ಪ್ರೇಮಗೀತೆ ಹಾಡಿಕೊಂಡು ಸುಖವಾಗಿತ್ತಂತೆ. ಆಮೇಲೆ ಯಾರೋ ಇವರಿಗೆ 'ಪ್ರೊಗ್ರೆಸಿವ್ ರಾಕ್' ಎಂಬ ವಿದೇಶಿ ಸಂಗೀತ ಕೇಳಿಸಿದರು. ಪ್ರೊಗ್ರೆಸಿವ್ ಎಂದರೆ ಪ್ರಗತಿಶೀಲ ಎಂದು ಅರ್ಥ ಮಾಡಿಕೊಂಡು ನಾನು ಮೊದಮೊದಲು ಸಂತೋಷಪಟ್ಟಿದ್ದೆ. ಇವರ ಪ್ರಗತಿ ಇಷ್ಟೇ: ಹಾಡುಗಳು ಉದ್ದವಾದವು, ಕೇಳುವವರು ಕಡಿಮೆಯಾದರು.

"ಹಾಡೋರು ಯಾರೂ ಇಲ್ವಲ್ಲಯ್ಯಾ?" ಎಂದು ವಿಚಾರಿಸಿದೆ.

"ಇದ್ದ ಭಾವ. ಶುರುನಲ್ಲಿ ನಾಲ್ಕು ಸಾಲು, ಕೊನೇಲಿ ನಾಲ್ಕು ಸಾಲು ಅವನದು. ಮಧ್ಯೆ ನಾವು ನುಡಿಸೋವಾಗ ಟೀ ಕುಡಿದು ಬರ್ತಿದ್ದ. ಹಾಡು ಸ್ವಲ್ಪ ಬೆಳೀತು, ಕಟಿಂಗ್ ಮಾಡಿಸಿಕೊಂಡು ಬರೋಕೆ ಶುರು ಮಾಡಿದ. ಇನ್ನೂ ಸ್ವಲ್ಪ ಬೆಳೀತು. ಒಂದು ದಿನ ಮಧ್ಯದಲ್ಲೇ ಹೋಗಿ ಕೆಲಸಕ್ಕೆ ಸೇರ್ಕೊಂಡ."

"ಅಯ್ಯೋ!"

"ತಾಳ್ಮೆ ಇರಲಿಲ್ಲ ಭಾವ ಅವನಿಗೆ."

ಇದನ್ನು ಅವನು ನಗದೆ ಹೇಳಿದ. ಇವರು ತಮಾಷೆ ಮಾಡುವ ಜನರಲ್ಲ, ಅದೇ ಭಯ.

ಈಗ ಅಭ್ಯಾಸ ನಡೆಯುತ್ತಿದ್ದ ಕೃತಿಯ ಹೆಸರು 'ಒಂದು ಗಡಿಯಾರದ ಕನಸುಗಳು'. ಗಡಿಯಾರವೊಂದು ಮಲಗುತ್ತದೆ, ಕನಸು ಕಾಣುತ್ತದೆ, ಕನಸಿನಲ್ಲಿ ಎದ್ದು ಮತ್ತೆ ಮಲಗುತ್ತದೆ. ಒಮ್ಮೆ ಆರ್ಗನ್ನು ಕಾಲೇಜಿನ ಗಂಟೆಯಂತೆ ಮೊಳಗಿದರೆ, ಇನ್ನೊಮ್ಮೆ ಗಿಟಾರು ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಬೆಕ್ಕಿನಂತೆ ಕೊಸರಾಡುತ್ತದೆ. ಆಮೇಲೆ ಎಲ್ಲವೂ ಒಮ್ಮೆಲೇ ನಿಂತು, ಮನೆ ಶಾಂತವಾಗಿ, ನಾನು ಉಸ್ಸೆಂದು ಕುರ್ಚಿಗೆ ಒರಗಿದೊಡನೆ ಮತ್ತೆ ಧಡ್ ಎಂದು ಆರಂಭವಾಗುತ್ತದೆ. ಅದರ ಲೆಕ್ಕವೂ ಸಾಮಾನ್ಯ ಜನರ ಲೆಕ್ಕವಲ್ಲ. "ನಾಲ್ಕು ನಾಲ್ಕು ಎಣಿಸೋದು ಮೆರವಣಿಗೆಯವರು, ಸಾರ್. ನಮ್ದು ಏಳು. ಒಂದು ಎರಡು ಮೂರು, ಒಂದು ಎರಡು ಮೂರು ನಾಲ್ಕು" ಎಂದು ಡಾಕ್ಟರು ಚಿಕಿತ್ಸೆ ವಿವರಿಸುವವರಂತೆ ಹೇಳಿಕೊಟ್ಟರು. ಹೇಳಿಕೊಡಬಾರದಿತ್ತು. ಮನುಷ್ಯನಿಗಿರುವುದು ಎರಡು ಕಾಲು. ಏಳರ ಲೆಕ್ಕದಲ್ಲಿ ನಡೆದರೆ ಪ್ರತಿ ಸುತ್ತಿಗೂ ಬೇರೆ ಕಾಲು ಮುಂದೆ ಬರುತ್ತದೆ. ನಾನು ಶಾಲೆಗೆ ಹೋಗುವಾಗ ತಡವರಿಸತೊಡಗಿದೆ. ಮೇಲಿನ ಮನೆಯ ಅಕೌಂಟೆಂಟರು ನನ್ನ ಹೆಂಡತಿಯನ್ನು ಕರೆದು, "ಮೇಷ್ಟ್ರಿಗೆ ಮಂಡಿ ನೋವಾ, ಇಲ್ಲಾ ಮನಸ್ಸಿಗೆ ಏನಾದ್ರೂನಾ?" ಎಂದು ಮೆಲ್ಲಗೆ ಕೇಳಿದರಂತೆ.

ಇಷ್ಟಾಗಿಯೂ ನಾನು ಸಹಿಸಿಕೊಂಡಿದ್ದೆ. ಆದರೆ ಆ ಸಮಯದಲ್ಲೇ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕುರ್ಚಿ ಖಾಲಿಯಾಗುವುದರಲ್ಲಿತ್ತು. ಆ ಕುರ್ಚಿಯ ಬಗ್ಗೆ ನನಗೆ ಲೋಭವಿರಲಿಲ್ಲ. ಅದರ ಬೆನ್ನಿನ ಎತ್ತರ, ಕೈಯಾಸರೆಯ ನುಣುಪು, ಅದರಲ್ಲಿ ಕುಳಿತರೆ ಕಿಟಕಿಯಿಂದ ಯಾವ ಯಾವ ತರಗತಿ ಕಾಣುತ್ತದೆಂಬುದು ನನಗೆ ಗೊತ್ತಿತ್ತು, ಅಷ್ಟೆ. ಸ್ಪರ್ಧೆಯಲ್ಲಿದ್ದವರು ಇಬ್ಬರು: ನಾನು, ಮತ್ತು ನಮ್ಮ ಪಿ.ಟಿ. ಮೇಷ್ಟ್ರು. ಅವರದು ಸೀಟಿ ಊದುವ ಬಾಯಿ. ವಾಕ್ಯ ರಚನೆಯ ಅಭ್ಯಾಸ ಕಡಿಮೆ. ಆದ್ದರಿಂದ ನಾನು ನಿಶ್ಚಿಂತನಾಗಿದ್ದೆ.

ಶಾಲಾ ಸಮಿತಿಯ ಅಧ್ಯಕ್ಷರಿಗೊಂದು ಪದ್ಧತಿಯಿತ್ತು. ಸಂದರ್ಶನದಲ್ಲಿ ಅವರಿಗೆ ನಂಬಿಕೆಯಿಲ್ಲ. ಅಭ್ಯರ್ಥಿಯ ಮನೆಗೇ ಬಂದು ಕುಳಿತು, ಅವನು ಹೇಗೆ ಬದುಕುತ್ತಾನೆಂದು ನೋಡುತ್ತಿದ್ದರು. ಪಿ.ಟಿ. ಮೇಷ್ಟ್ರ ಮನೆಯಲ್ಲಿ ಇಡೀ ಸಂಸಾರ ಎತ್ತರದ ಪ್ರಕಾರ ಸಾಲಾಗಿ ನಿಂತು ಸ್ವಾಗತಿಸಿತೆಂಬ ಸುದ್ದಿ ಬಂತು. ಮಾರನೆಯ ಸಂಜೆ ನಮ್ಮ ಮನೆಯ ಸರದಿ. ನಾನು ಶೆಡ್ಡಿಗಿಳಿದು ಕೈಮುಗಿದೆ.

"ಅವರು ಬರೋ ಹೊತ್ತಿಗೆ ನಿಂತಿರಬೇಕು ಕಣಯ್ಯಾ."

"ನಿಂತಿರುತ್ತೆ ಭಾವ. ಚಿಂತೆ ಬಿಡಿ" ಎಂದ ಭಾವಮೈದುನ. ಮೌನಿ 'ಖಂಡಿತ' ಎಂಬ ಬಗೆಯಲ್ಲಿ ತಲೆಯಾಡಿಸಿದ.

ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಅಧ್ಯಕ್ಷರು ಬಂದಾಗ ಮನೆ ಸ್ತಬ್ಧವಾಗಿತ್ತು. ಹೆಂಡತಿ ಟೀ ತಂದಿಟ್ಟಳು. ನಾನು ಗಂಟಲು ಸರಿಪಡಿಸಿಕೊಂಡು, "ನಮ್ಮ ಮನೆಯಲ್ಲಿ, ಸಾರ್, ಪ್ರತಿಯೊಂದಕ್ಕೂ ಆದಿಯಿದೆ, ಅಂತ್ಯವಿದೆ. ಒಮ್ಮೆ ಮುಗಿಯಿತೆಂದರೆ..." ಎನ್ನುವಷ್ಟರಲ್ಲಿ ಗಡಿಯಾರ ಎದ್ದಿತು.

ಬಸಿಯಲ್ಲಿದ್ದ ಕಪ್ಪು ತಾನಾಗಿ ಅಧ್ಯಕ್ಷರ ಕಡೆಗೆ ಸರಿಯಿತು. ಗೋಡೆಯ ಮೇಲಿದ್ದ ನನ್ನ ಪದವಿಪ್ರದಾನದ ಫೋಟೋ ಓರೆಯಾಯಿತು.

"ಏನ್ರೀ ಇದು?" ಎಂದರು ಅಧ್ಯಕ್ಷರು, ಕಪ್ಪನ್ನು ಹಿಡಿದುಕೊಂಡು.

'ನನ್ನ ಹೆಂಡತಿಯ ತಮ್ಮ' ಎಂದು ಮೂರೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಕುರ್ಚಿಯ ನುಣುಪು ಕಣ್ಣ ಮುಂದೆ ಬಂತು. "ಇದೊಂದು ಪ್ರಯೋಗ, ಸಾರ್" ಎಂದೆ. "ಸಂಗೀತದ ಮೂಲಕ ಗಣಿತವನ್ನೂ ಸಂಯಮವನ್ನೂ ಬೋಧಿಸುವ ಪ್ರಗತಿಶೀಲ ವಿಧಾನ. ಏಳರ ಮಗ್ಗಿ ಮಕ್ಕಳಿಗೆ ಕಷ್ಟವಾಗುತ್ತದಲ್ಲವೇ? ಇದರಲ್ಲಿ ಅದು ರಕ್ತಗತವಾಗುತ್ತದೆ. ಇಡೀ ತಂಡ ನನ್ನ ಮಾರ್ಗದರ್ಶನದಲ್ಲಿದೆ."

ಒಳಗೆ ಹೆಂಡತಿಯ ಕೈಯಿಂದ ಚಮಚ ಬಿದ್ದ ಸದ್ದಾಯಿತು.

ಅಧ್ಯಕ್ಷರು ಬಹಳ ಹೊತ್ತು ಕೇಳಿದರು. "ಮಧ್ಯೆ ಮಧ್ಯೆ ನಿಲ್ಲುತ್ತಲ್ಲ?"

"ಅದೇ ಸಂಯಮ, ಸಾರ್."

"ಭೇಷ್! ವಾರ್ಷಿಕೋತ್ಸವದಲ್ಲಿ ಇದನ್ನೇ ಇಡಿ. ಕೊನೆಗೆ ನೀವೇ ಬಂದು ಉಪಸಂಹಾರದ ಮಾತು ಹೇಳಿ. ಅದು ಮುಗಿದ ತಕ್ಷಣ ಮುಖ್ಯೋಪಾಧ್ಯಾಯರ ಹೆಸರು ಘೋಷಿಸಿಬಿಡ್ತೀನಿ."

ಅವರು ಹೊರಟ ಮೇಲೆ ಹೆಂಡತಿ ಬಾಗಿಲಿಗೊರಗಿ ನಿಂತಳು. "ಮಾರ್ಗದರ್ಶನ ಅಂದ್ರೇನ್ರೀ? ಮಹಡಿ ಮೇಲಿಂದ ಪೊರಕೆ ಹಿಡಿಯಲ್ಲಿ ನೆಲ ಕುಟ್ತೀರಲ್ಲ, ಅದಾ?"

ನಾನು ಆ ಪ್ರಶ್ನೆಯನ್ನು ಐಚ್ಛಿಕವೆಂದು ಬಿಟ್ಟು ಶೆಡ್ಡಿಗಿಳಿದೆ. ವೇದಿಕೆ ಸಿಕ್ಕಿತೆಂಬ ಸುದ್ದಿ ಕೇಳಿ ಡಾಕ್ಟರ ಕಣ್ಣಲ್ಲಿ ನೀರಾಡಿತು. ಭಾವಮೈದುನ ಮೇಲಂಗಿಗೆಂದು ಅಕ್ಕನ ಹಳೆಯ ಕಿಟಕಿಪರದೆಯನ್ನು ಆಗಲೇ ಹೆಗಲಿಗೆ ಹೊದ್ದುಕೊಂಡ.

"ಒಂದೇ ಷರತ್ತು. ಹಾಡು ಗಿಡ್ಡ ಆಗಬೇಕು" ಎಂದೆ.

"ಆಗಲ್ಲ ಭಾವ. ಮಧ್ಯೆ ಗಡಿಯಾರ ನಿದ್ದೆ ಮಾಡುತ್ತೆ."

"ನಿದ್ದೆ ತೆಗೆದುಹಾಕು."

"ನಿದ್ದೆ ತೆಗೆದ್ರೆ ಕನಸು ಎಲ್ಲಿ ಬೀಳುತ್ತೆ?"

ತರ್ಕಕ್ಕೆ ತಲೆಬಾಗುವುದು ನನ್ನ ದೌರ್ಬಲ್ಯ. "ಹೋಗಲಿ, ಮುಗಿಯಿತು ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಡಾಕ್ಟ್ರು ಎರಡೂ ಕೋಲು ಮೇಲೆತ್ತುತ್ತಾರೆ. ಎತ್ತಿದ್ರು ಅಂದ್ರೆ ಮುಗೀತು."

ಇಷ್ಟು ಸ್ಪಷ್ಟವಾದ ಸಂಕೇತ ಸಿಕ್ಕಿದ್ದಕ್ಕೆ ನಾನು ತೃಪ್ತನಾಗಿ ಮೇಲೆ ಹೋದೆ. ಕೃತಿ ಮುಗಿದಾಗ ಎತ್ತುತ್ತಾರೆಯೋ, ಪ್ರತಿ ಕನಸು ಮುಗಿದಾಗಲೂ ಎತ್ತುತ್ತಾರೆಯೋ ಎಂದು ಕೇಳಲಿಲ್ಲ. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಎಂದು ಮಕ್ಕಳಿಗೆ ಹೇಳುವವನು ನಾನು.

ವಾರ್ಷಿಕೋತ್ಸವದ ಸಂಜೆ ಸಭಾಂಗಣ ತುಂಬಿತ್ತು. ಶಿಸ್ತು, ಕುರ್ಚಿ, ದೀಪ, ವಿದ್ಯುತ್ತಿನ ಹೊಣೆ ಪಿ.ಟಿ. ಮೇಷ್ಟ್ರದು. ಅವರು ವೇದಿಕೆಯ ಮಗ್ಗುಲಲ್ಲಿ, ದೊಡ್ಡ ಸ್ವಿಚ್ಚಿನ ಪಕ್ಕದಲ್ಲಿ, ಕುತ್ತಿಗೆಗೆ ಸೀಟಿ ತೂಗುಬಿಟ್ಟುಕೊಂಡು ನಿಂತಿದ್ದರು. ಇನ್ನೊಂದು ಮಗ್ಗುಲಲ್ಲಿ ನಾನು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಉಪಸಂಹಾರವನ್ನು ಬಾಯಿಪಾಠ ಮಾಡಿಕೊಂಡು.

ಗಡಿಯಾರ ಮಲಗಿತು. ಆರ್ಗನ್ನು ಮೊಳಗಿತು, ಬೆಕ್ಕು ಕೊಸರಾಡಿತು. ಡಾಕ್ಟರು ಎರಡೂ ಕೋಲನ್ನು ಮೇಲೆತ್ತಿದರು. ನಿಶ್ಶಬ್ದ. ನಾನು ಗಂಭೀರವಾಗಿ ನಡೆದು ಮೈಕಿನ ಮುಂದೆ ನಿಂತು, "ಮಾನ್ಯ ಅಧ್ಯಕ್ಷರೇ..." ಎಂದೆ.

ಧಡ್!

ನಾನು ಒಂದು ಅಡಿ ಮೇಲೆ ಹಾರಿದೆನೆಂದು ಹೆಂಡತಿ ಹೇಳುತ್ತಾಳೆ. ಮಕ್ಕಳು ನಕ್ಕರು. ನಗುವವರ ಹೆಸರನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಹಿಂದಕ್ಕೆ ಹೋದೆ. ಬಹಳ ಹೊತ್ತಿನ ಮೇಲೆ ಕೋಲುಗಳು ಮತ್ತೆ ಮೇಲೆದ್ದವು. ಮತ್ತೆ ನಡೆದೆ. "ಮಾನ್ಯ ಅಧ್ಯಕ್ಷರೇ, ಮುಗಿಯಿತೆಂದು ಭಾವಿಸಿ..."

ಧಡ್! ಈ ಸಲ ಪೋಷಕರೂ ನಕ್ಕರು. ಮುಂದಿನ ಸಾಲಿನಲ್ಲಿ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು. ಅದು ಅಳುವೆಂದೇ ನಾನು ನಂಬಿದ್ದೇನೆ.

ಮೂರನೆಯ ಸಲ ಕೋಲು ಮೇಲೆದ್ದಾಗ ನಾನು ಮೈಕನ್ನು ಗೂಟದಿಂದ ಕಿತ್ತು ಕೈಯಲ್ಲೇ ಹಿಡಿದೆ. ಧಡ್ ಎಂದಿತು. ನಾನು ಹಿಂದೆ ಸರಿಯಲಿಲ್ಲ. ತಂಡದ ಕಡೆಗೆ ತಿರುಗಿ, ಜೀವಮಾನದ ರೋಷವನ್ನೆಲ್ಲ ಒಟ್ಟುಗೂಡಿಸಿ ಗುಡುಗಿದೆ:

"ಸಾಕು, ನಿಲ್ಲಿಸಿ! ಎಲ್ಲಿ ಮುಗಿವುದು? ಏನು ಅರ್ಥವು? ಯಾವ ನ್ಯಾಯವು?"

ಶೆಡ್ಡಿನ ಮೇಲೆ ಇಷ್ಟು ದಿನ ಮಲಗೆದ್ದವನ ನಾಲಿಗೆಗೆ ಏಳರ ಲೆಕ್ಕ ಅಂಟಿಕೊಂಡಿರುತ್ತದೆಂದು ನನಗೇನು ಗೊತ್ತು? ಡಾಕ್ಟರ ಮುಖ ಬೆಳಗಿತು. ನನ್ನ ಒಂದೊಂದು ಬೈಗುಳಕ್ಕೂ ಒಂದೊಂದು ಪೆಟ್ಟು ಸರಿಯಾಗಿ ಬಂದು ಕೂತಿತು. ನಾನು ಹೆಚ್ಚು ಬೈದಂತೆ ಅವರು ಹೆಚ್ಚು ಹುರುಪಿನಿಂದ ಬಾರಿಸಿದರು. ಅವರು ಬಾರಿಸಿದಂತೆ ನನಗೆ ಹೆಚ್ಚು ಸಿಟ್ಟು ಬಂತು. ಭಾವಮೈದುನ ಪರದೆ ಬೀಸಿ ಆಕಾಶ, ಭೂಮಿ, ಅನುಮಾನ ಮೂರನ್ನೂ ಒಟ್ಟಿಗೆ ಒತ್ತಿದ. ಮೌನಿಯ ಬಾಯಿಂದ "ಆಹಾ!" ಎಂಬ ಮಾತು ಹೊರಟಿತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು.

ಇಲ್ಲಿ ಒಂದು ಸಣ್ಣ ಸತ್ಯ ಹೇಳಬೇಕು. ವರ್ಷಗಟ್ಟಲೆ ಬೈದಿದ್ದೇನೆ, ಬೈಗುಳಕ್ಕೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ನಿಲ್ಲಿಸಿ ನಿಲ್ಲಿಸಿ ಎಂದು ಅಬ್ಬರಿಸುತ್ತಿದ್ದ ನನಗೆ ನಿಲ್ಲಿಸುವ ಮನಸ್ಸಾಗಲಿಲ್ಲ. ಬ್ಯಾಂಡಿನವರ ಸರದಿ ಮುಗಿದ ಮೇಲೆ ಹಿಂದಿನ ಬೆಂಚಿನವರನ್ನು, ಪೋಷಕರನ್ನು, ಮೇಲಿನ ಮನೆಯ ಅಕೌಂಟೆಂಟರನ್ನು ಬೈದೆ. "ಯಾರು ಮೊದಲಿಗ..." ಎಂದು ಹೊಸ ವಾಕ್ಯವೊಂದನ್ನು ಎತ್ತಿಕೊಂಡಿದ್ದೆ. ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು ದೊಡ್ಡ ಸ್ವಿಚ್ಚನ್ನು ಕೆಳಕ್ಕೆಳೆದರು.

ಕತ್ತಲೆ. ಮೈಕು ಸತ್ತಿತು, ಆರ್ಗನ್ನು ಸತ್ತಿತು. ಡಾಕ್ಟರ ಕೋಲು ಗಾಳಿಯಲ್ಲೇ ನಿಂತಿತು. ಮರುಕ್ಷಣ ಕಿವಿ ಕಿತ್ತುಹೋಗುವಂಥ ಚಪ್ಪಾಳೆ.

ಯಾರೋ ಹಿಡಿದ ಬ್ಯಾಟರಿಯ ಬೆಳಕಿನಲ್ಲಿ ಅಧ್ಯಕ್ಷರು ವೇದಿಕೆ ಹತ್ತಿದರು. ನಾನು ಅಂಗಿಯ ಕಾಲರು ಸರಿಪಡಿಸಿಕೊಂಡೆ.

"ಅದ್ಭುತ!" ಎಂದರು ಅವರು. "ಆದ್ರೆ ಶಾಲೆ ನಡೆಸೋದು ಅಂದ್ರೆ ಎಲ್ಲಿ ಮುಗಿಸಬೇಕು ಅನ್ನೋದು ಗೊತ್ತಿರೋದು. ಈ ಹಾಲ್‌ನಲ್ಲಿ ಅದು ಗೊತ್ತಿದ್ದೋರು ಒಬ್ಬರೇ. ನಮ್ಮ ಮುಖ್ಯೋಪಾಧ್ಯಾಯರು ಇನ್ನು ಮುಂದೆ ಪಿ.ಟಿ. ಮೇಷ್ಟ್ರು."

ಕತ್ತಲೆಯಲ್ಲಿ ಸೀಟಿಯೊಂದು ಚಿಕ್ಕದಾಗಿ ಕೇಳಿಸಿತು. ಸಂತೋಷಕ್ಕೆ ಅವರಲ್ಲಿ ಬೇರೆ ಮಾತಿರಲಿಲ್ಲ.

ಉಪಸಂಹಾರದ ಸಿದ್ಧಾಂತವನ್ನು ಜೀವಮಾನವಿಡೀ ಬೋಧಿಸಿದವನನ್ನು ಆ ಸಿದ್ಧಾಂತದಿಂದಲೇ ಸೋಲಿಸಿದ ಈ ಅನ್ಯಾಯದ ಬಗ್ಗೆ ನಾನು ಮನೆಯಲ್ಲಿ ದೀರ್ಘವಾಗಿ ಮಾತನಾಡಿದೆ. ಹೆಂಡತಿ ತರಕಾರಿ ಹೆಚ್ಚುತ್ತಾ ಕೇಳಿದಳು. ಚಾಕುವೂ ಏಳರ ಲೆಕ್ಕದಲ್ಲೇ ಬೀಳುತ್ತಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆಗೆ ಒಳ್ಳೆಯದಿತ್ತು. ಆದರೆ ಪೋಷಕರೊಬ್ಬರು ಆ ಸಂಜೆಯನ್ನು ಫೋನಿನಲ್ಲಿ ಚಿತ್ರೀಕರಿಸಿದ್ದರು. ಅದು ಕೈಯಿಂದ ಕೈಗೆ ಹೋಗಿ, ನಗರದ ದೊಡ್ಡ ಸಭಾಂಗಣದವರ ಕಣ್ಣಿಗೆ ಬಿತ್ತು. ಅವರು ತಂಡವನ್ನು ಕರೆದರು. ಜೊತೆಗೆ 'ಆ ಸಿಟ್ಟಿನ ಹಿರಿಯರೂ ಆ ಕತ್ತಲೆಯೂ' ಇರಲೇಬೇಕೆಂದರು. ಮಾತಿನ ನಡುವೆ ಜಗತ್ತೇ ಆರಿಹೋಗುವ ಅಂಥ ದಿಟ್ಟ ಅಂತ್ಯವನ್ನು ಅವರು ಎಲ್ಲೂ ಕಂಡಿರಲಿಲ್ಲವಂತೆ.

ಮೂವರೂ ಬಂದು ನನ್ನೆದುರು ನಿಂತರು. "ಭಾವ, ಗಾಜಿನ ಆನೆಗೆ ಇದೇ ಮೊದಲ ದೊಡ್ಡ ಅವಕಾಶ. ನೀವು ಬರದಿದ್ರೆ ಇದೇ ಕೊನೇದು" ಎಂದ ಭಾವಮೈದುನ. ಅವನ ದನಿ ಆ ದಿನ ನಿಜವಾಗಿ ಸಣ್ಣದಾಗಿತ್ತು.

"ನನಗೂ ಒಂದು ತತ್ತ್ವ ಅಂತ ಇದೆಯಯ್ಯಾ" ಎಂದೆ.

"ರೀ, ಹೇಗಿದ್ರೂ ಬೈತೀರಾ. ಅಲ್ಲಿ ಬೈದ್ರೆ ಚಪ್ಪಾಳೆನಾದ್ರೂ ಬರುತ್ತೆ, ಮನೆಗೆ ಸ್ವಲ್ಪ ಬಿಡುವು ಸಿಗುತ್ತೆ" ಎಂದಳು ಹೆಂಡತಿ ಒಳಗಿನಿಂದ.

ನಾನು ಒಪ್ಪಿದೆ. ತೊಡಕು ಬೇರೆಯೇ ಇತ್ತು. ಅಲ್ಲಿನ ಎಲೆಕ್ಟ್ರಿಷಿಯನ್ ಬಹಳ ಸಭ್ಯ ಮನುಷ್ಯ. ಅಭ್ಯಾಸದ ದಿನ ನನ್ನ ವಾಕ್ಯ ಪೂರ್ತಿಯಾಗಲೆಂದು ಕಾದು, "ಆಯ್ತಾ ಸಾರ್? ಆರಿಸ್ಲಾ?" ಎಂದು ಕೇಳಿಯೇ ಸ್ವಿಚ್ಚೆಳೆದರು. ಡಾಕ್ಟರು ತಲೆ ಅಲ್ಲಾಡಿಸಿದರು. "ಹಲ್ಲು ಕೀಳೋವಾಗ ರೋಗೀನ ಕೇಳಬಾರದು. ಆ ಕೈ ಇರೋದು ನಿಮ್ಮ ಹೆಡ್‌ಮೇಷ್ಟ್ರಿಗೆ ಮಾತ್ರ."

ಹೀಗೆ ನಾನು, ಯಾವ ಕೋಣೆಗೆ ಒಡೆಯನಾಗಿ ಹೋಗಬೇಕೆಂದಿದ್ದೆನೋ ಆ ಕೋಣೆಗೆ ಬೇಡಿಕೆಯೊಂದಿಗೆ ಹೋದೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಒರಗಿ ಕೂರುವ ಅಭ್ಯಾಸವೇ ಅವರಿಗಿಲ್ಲ. ಕುರ್ಚಿಯ ಅಷ್ಟು ಒಳ್ಳೆಯ ಬೆನ್ನು ವ್ಯರ್ಥವಾಗುತ್ತಿತ್ತು.

"ಒಂದು ಉಪಕಾರ ಆಗಬೇಕು ಸಾರ್. ನೀವು ಬಂದು ನನ್ನ ಬಾಯಿ ಮುಚ್ಚಿಸಬೇಕು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೇಷ್ಟ್ರೇ, ಇದನ್ನ ನೀವು ಅರ್ಧರಾತ್ರೀಲಿ ಮನೆಗೆ ಬಂದು ಕೇಳಿದ್ರೂ ನಾನು ಇಲ್ಲ ಅಂತಿರಲಿಲ್ಲ."

ಕಾರ್ಯಕ್ರಮದ ಸಂಜೆ ದೊಡ್ಡ ಸಭಾಂಗಣದಲ್ಲಿ ಎಲ್ಲವೂ ನಿಯಮದಂತೆ ನಡೆಯಿತು. ನಾನು ಎರಡು ಸಲ ಹಾರಿದೆ. ಈಗ ಹಾರುವುದನ್ನೂ ಅಭ್ಯಾಸ ಮಾಡಿಸಿದ್ದರು. ಮೂರನೆಯ ಸಲ ಮೈಕು ಕಿತ್ತು ಬೈಯತೊಡಗಿದೆ. ಬೆಕ್ಕು ಕೊಸರಾಡಿತು, ಪರದೆ ಹಾರಾಡಿತು, ಜನ ಎದ್ದು ನಿಂತರು. ಬ್ಯಾಂಡು, ಬೆಂಚು, ಪೋಷಕರು, ಅಕೌಂಟೆಂಟರು ಎಲ್ಲರದೂ ಆಯಿತು. "ಯಾರು ಮೊದಲಿಗ..." ಎಂಬಲ್ಲಿಗೆ ಬಂದು, ಕತ್ತಲೆಗಾಗಿ ಸಿದ್ಧನಾಗಿ ಕಣ್ಣು ಮುಚ್ಚಿದೆ.

ಕತ್ತಲೆ ಬರಲಿಲ್ಲ.

ಕಣ್ಣು ತೆರೆದು ಮಗ್ಗುಲಿಗೆ ನೋಡಿದೆ. ನಮ್ಮ ಮುಖ್ಯೋಪಾಧ್ಯಾಯರು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಕಣ್ಣು ಅರೆಮುಚ್ಚಿತ್ತು. ಸೀಟಿ ಬಾಯಲ್ಲಿತ್ತು. ಮೆರವಣಿಗೆಯ ಎಡ-ಬಲ ಬಿಟ್ಟರೆ ಬೇರೆ ಲೆಕ್ಕ ತಿಳಿಯದಿದ್ದ ಅವರ ಬೂಟುಗಾಲು ಮೂರು ಮತ್ತು ನಾಲ್ಕನ್ನು ತಪ್ಪಿಲ್ಲದೆ ತಟ್ಟುತ್ತಿತ್ತು.

ನನ್ನ ಬಳಿ ಬೈಯಲು ಯಾರೂ ಉಳಿದಿರಲಿಲ್ಲ. ಡಾಕ್ಟರು ಬಿಡುವ ಲಕ್ಷಣವಿರಲಿಲ್ಲ. ಹುಡುಕಿ ಹುಡುಕಿ, ಕೊನೆಗೆ ಆವರೆಗೆ ಕೈಬಿಟ್ಟಿದ್ದ ಒಬ್ಬನೇ ಒಬ್ಬ ಅಪರಾಧಿ ಸಿಕ್ಕಿದ: ನಾನು.

"ಯಾರು ಕರೆದರು? ಏಕೆ ಬಂದೆಯೊ? ಕುರ್ಚಿ ಹೋಯಿತು! ಬುದ್ಧಿ ಬಂದಿತೆ?"

ಇಷ್ಟು ನ್ಯಾಯವಾದ ಬೈಗುಳ ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಸಭಾಂಗಣ ಹುಚ್ಚೆದ್ದಿತು. ನಾನು ಮಗ್ಗುಲಿಗೆ ತಿರುಗಿ, ಈಗಲಾದರೂ ಎಳೆಯಿರಿ ಎಂದು ಕಣ್ಣಲ್ಲೇ ಬೇಡಿಕೊಂಡೆ.

ಮುಖ್ಯೋಪಾಧ್ಯಾಯರು ಒಂದು ಕಣ್ಣು ತೆರೆದರು. ಸ್ವಿಚ್ಚಿನ ಮೇಲಿದ್ದ ಕೈ ತೆಗೆದು, ಮೈದಾನದಲ್ಲಿ ಮಕ್ಕಳಿಗೆ ತೋರಿಸುವಂತೆ ಬೆರಳನ್ನು ಗಾಳಿಯಲ್ಲಿ ತಿರುಗಿಸಿದರು: ಇನ್ನೊಂದು ರೌಂಡು.